ಒಂದೇ ಬಣ್ಣದ ವೈರು

ಮೊನ್ನೆ ಮನೆಗೆ ಇಂಟರ್‌ನೆಟ್ ಜೋಡಿಸಲು ಬಂದ ಮನುಷ್ಯ ಏಣಿ ಹತ್ತಿ ನಿಂತು, ‘ವೈರ್ ಸಫೇದ್ ಡಾಲ್ನಾ ಕಿ ಕಾಲಾ, ಸಾಬ್?’ ಎಂದು ಕೇಳಿದ. ಬಿಳಿದೋ ಕರಿದೋ, ಎರಡರಲ್ಲಿ ಒಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಏಣಿಯ ಬುಡ ಹಿಡಿದುಕೊಂಡು ಆಕಾಶ ನೋಡುತ್ತ ನಿಂತೆ. ಒಳಗಿನಿಂದ ನನ್ನ ಹೆಂಡತಿ, ಯಾವುದಾದರೂ ಹಾಕು, ಅವರನ್ನು ಕೇಳಬೇಡ ಎಂದು ಹಿಂದಿಯಲ್ಲಿ ಅವನಿಗೂ, ‘ವೈರಿಗೂ ಇಷ್ಟು ವಿಚಾರ ಮಾಡ್ತಾರೇನ್ರಿ?’ ಎಂದು ಕನ್ನಡದಲ್ಲಿ ನನಗೂ ಹೇಳಿ ವ್ಯವಹಾರ ಮುಗಿಸಿದಳು. ಪಾಪ, ಅವಳಿಗೇನು ಗೊತ್ತು. ಅವಳು ಈ ಮನೆಗೆ ಬರುವ ಮುಂಚೆ, ವೈರಿನ ಬಣ್ಣದ ದೆಸೆಯಿಂದ ನಮ್ಮಲ್ಲಿ ಒಂದು ಮದುವೆಯೇ ನಿಂತುಹೋಗಿದೆ.

ಅದು ಹೈದರಾಬಾದಿನಲ್ಲಿ ಕಂಡಕಂಡ ಬಂಡೆಯ ಮೇಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪ್ಯೂಟರ್ ಕಲಿತವನು ಕೆಲಸಕ್ಕೆ ಹೋಗುತ್ತಿದ್ದ, ಕಲಿಯದವನು ಅಮೀರಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ನಾನು ಮೊದಲನೆಯ ಗುಂಪಿನವನು. ನನ್ನ ಕೆಲಸ ಏನೆಂದು ಅಪ್ಪ ನೆಂಟರ ಮುಂದೆ ಬಹಳ ಎತ್ತರದ ದನಿಯಲ್ಲಿ ಹೇಳುತ್ತಿದ್ದರು, ಏಕೆಂದರೆ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಡಲಾಚೆಯ ಯಾವುದೋ ಊರಿನ ವಿಮಾ ಕಂಪನಿಯ ಪರದೆಯ ಮೇಲಿನ ಒಂದು ಗುಂಡಿ ತಿಳಿನೀಲಿ ಇತ್ತು, ಅದನ್ನು ಕಡುನೀಲಿ ಮಾಡುವುದು. ಮಾಡಿದ ಮೇಲೆ, ಮೊದಲಿನದೇ ಚೆನ್ನಾಗಿತ್ತು ಎಂದು ಅಲ್ಲಿಂದ ಸಂದೇಶ ಬರುತ್ತಿತ್ತು. ಈ ಮಹತ್ಕಾರ್ಯಕ್ಕೆ ಕೊಡುತ್ತಿದ್ದ ಸಂಬಳದ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಆದರೆ ಕೈಯಿಂದ ಮುಟ್ಟಿ ಒತ್ತಬಹುದಾದ ಒಂದು ಗುಂಡಿಯನ್ನಾದರೂ ಈ ಜನ್ಮದಲ್ಲಿ ಮಾಡಬೇಕು ಅನಿಸತೊಡಗಿತು. ಹಾಗೆ ಹುಟ್ಟಿದ್ದು ವಿಡಿಯೋ ಗೇಮಿನ ಪೆಟ್ಟಿಗೆಯ ಯೋಚನೆ.

ಈಗಿನ ಹುಡುಗರಿಗೆ ಆ ಪೆಟ್ಟಿಗೆಯನ್ನು ವರ್ಣಿಸಿ ಹೇಳಬೇಕಾಗುತ್ತದೆ. ಆಳೆತ್ತರದ ಕಪಾಟು, ಎದೆಮಟ್ಟದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಇಬ್ಬರಿಗೆ ಎಡಬಲ ತಳ್ಳುವ ಎರಡು ಹಿಡಿ, ಒಂದಷ್ಟು ಬಣ್ಣದ ಗುಂಡಿ, ಮುಂದೆ ಪರದೆ. ನಮ್ಮ ಬಾಲ್ಯದಲ್ಲಿ ಸಿಕಂದರಾಬಾದ್ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ ಇಂಥ ಪೆಟ್ಟಿಗೆಗಳ ಒಂದು ಅಂಗಡಿ ಇತ್ತು. ಬಾಗಿಲಿಗೆ ಬಟ್ಟೆಯ ಪರದೆ, ಒಳಗೆ ಕತ್ತಲೆ, ಊದುಬತ್ತಿಯ ವಾಸನೆ, ಬೆವರು. ಅಲ್ಲಿಗೆ ಹೋಗುವವರು ಮುಂದೆ ಜೇಬುಗಳ್ಳರಾಗುತ್ತಾರೆ ಎಂಬುದು ಅಪ್ಪನ ದೃಢವಾದ ನಂಬಿಕೆ. ನಾನು ಸಾಫ್ಟ್‌ವೇರಿಗೆ ಹೋದೆ, ಅವರ ಮಾತು ಪೂರ್ತಿ ಸುಳ್ಳಾಯಿತು ಎನ್ನುವ ಹಾಗೂ ಇಲ್ಲ. ಶಾಲೆ ಬಿಟ್ಟ ಮೇಲೆ ನಾನು ಪರದೆ ಸರಿಸಿ ಒಳಗೆ ನುಗ್ಗುತ್ತಿದ್ದೆ. ನನ್ನ ತಂಗಿ ಗೀತಾ ಇಬ್ಬರ ಚೀಲಗಳನ್ನೂ ಹಿಡಿದುಕೊಂಡು ಹೊರಗೆ ನಿಲ್ಲುತ್ತಿದ್ದಳು. ಹುಡುಗಿಯರಿಗೆ ಪ್ರವೇಶವಿಲ್ಲ ಎಂದು ಬೋರ್ಡೇನೂ ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಾನು ಆಟದ ಕಥೆ ಹೇಳುತ್ತಿದ್ದೆ, ಅವಳು ‘ಆಮ್ಯಾಲೆ?’ ಎನ್ನುತ್ತಿದ್ದಳು. ಆ ಕಥೆಗಳಲ್ಲಿ ನಾನು ಒಮ್ಮೆಯೂ ಸೋಲಲಿಲ್ಲ ಎಂಬುದನ್ನು ಅವಳು ನಂಬಿದ್ದಳೋ, ನಂಬಿದ ಹಾಗೆ ಇದ್ದಳೋ, ಇವತ್ತಿಗೂ ಹೇಳಲಾರೆ.

ಬಡಗಿಯಿಂದ ಕಪಾಟು ಮಾಡಿಸಿದ್ದಾಯಿತು. ಹಳೆಯ ಕಂಪ್ಯೂಟರು ಸಿಕ್ಕಿತು. ಒಂದು ಕೀಬೋರ್ಡನ್ನು ಬಿಚ್ಚಿ, ಅದರೊಳಗಿನ ಹಸಿರು ಸರ್ಕ್ಯೂಟ್ ಹಲಗೆಗೂ ನಮ್ಮ ಹಿಡಿ, ಗುಂಡಿಗಳಿಗೂ ವೈರು ಎಳೆದರೆ ಕೆಲಸ ಮುಗಿಯಿತು. ಎಂಥ ವೈರು? ಇಲ್ಲಿ ನಾನು ಸೈಬರ್ ಕೆಫೆಗೆ ಹೋಗಿ ಲೋಕಜ್ಞಾನವನ್ನು ಶೋಧಿಸುವ ತಪ್ಪು ಮಾಡಿದೆ. ಲೋಕದಲ್ಲಿ ಯುದ್ಧವೇ ನಡೆದಿತ್ತು. ಒಂಟಿ ತಂತಿಯ ವೈರು ಶ್ರೇಷ್ಠ ಎನ್ನುವವರದು ಒಂದು ಪಂಥ, ಎಳೆಎಳೆಯಾಗಿ ಹೊಸೆದ ವೈರೇ ಮೋಕ್ಷಮಾರ್ಗ ಎನ್ನುವವರದು ಇನ್ನೊಂದು. ಸಪೂರ, ಅತಿ ಸಪೂರ ಎಂದು ಒಳಪಂಗಡಗಳು ಬೇರೆ. ಸಂಸಾರವಂದಿಗರಂತೆ ಕಾಣುವ ದೊಡ್ಡ ಮನುಷ್ಯರು ಗುಂಡಿಯೊಂದಕ್ಕೆ ಎಷ್ಟು ದಪ್ಪದ ವೈರು ಎಂಬ ಬಗ್ಗೆ ಪರಸ್ಪರರ ಬುದ್ಧಿಯನ್ನು ಅನುಮಾನಿಸಿ ಪುಟಗಟ್ಟಲೆ ಬರೆದಿದ್ದರು. ನಾನು ಅದನ್ನೆಲ್ಲ ಪ್ರಿಂಟ್ ತೆಗೆಸಿ ಮನೆಯಲ್ಲಿ ಪಾರಾಯಣ ಮಾಡಿದೆ. ಕಡೆಗೆ, ಇಷ್ಟು ಓದಿದವರೆಲ್ಲ ಮಾಡುವಂತೆ, ಪುಕ್ಕಟೆ ಸಿಕ್ಕಿದ್ದನ್ನು ತಂದೆ. ಆಫೀಸಿನ ಹೊಸ ಮಹಡಿಯಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುತ್ತಿದ್ದರು. ತುಂಡುಗಳು ಬಿದ್ದಿದ್ದವು, ಕೇಳಿದರೆ ತಗೊಂಡು ಹೋಗಿ ಅಂದರು. ಒಂದೊಂದು ತುಂಡಿನೊಳಗೂ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ಮುದ್ದಾದ ವೈರುಗಳು. ಒಂಟಿ ತಂತಿ. ಹಲಗೆ ಮುಚ್ಚಿ ತೆಗೆದು ಮಾಡುವಷ್ಟರಲ್ಲಿ ಒಂದೊಂದಾಗಿ ಪಟಪಟನೆ ಮುರಿದವು.

ಮುರಿದ ಸದ್ದಿಗೆ ಅಪ್ಪ ಪೇಪರು ಮಡಿಸಿ ಎದ್ದು ಬಂದರು.

ಅಪ್ಪನ ವಿಷಯ ಹೇಳಬೇಕು. ಬಾಗಲಕೋಟೆಯ ಕಡೆಯಿಂದ ಬಂದು, ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಬೇರೆಯವರು ಮಾಡಿದ್ದನ್ನು ನೋಡಿ ಬೇಡ ಎನ್ನುವುದೇ ಅವರ ಉದ್ಯೋಗ. ನೌಕರಿ ಮುಗಿದ ಮೇಲೂ ಅಭ್ಯಾಸ ಬಿಡಲಿಲ್ಲ, ಆದರೆ ಮನೆಯಲ್ಲಿ ಬೇಡ ಎನ್ನಲು ಅವ್ವನ ಉಪ್ಪಿಟ್ಟು ಮಾತ್ರ ಸಿಗುತ್ತಿತ್ತು, ಅವ್ವ ಆ ತೀರ್ಪಿಗೆ ಬೆಲೆ ಕೊಡುತ್ತಿರಲಿಲ್ಲ. ಬೇಗಂಪೇಟೆಯ ನಮ್ಮ ಬಾಡಿಗೆ ಮನೆಯ ನೆತ್ತಿಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ಅಪ್ಪ ದಿನವಿಡೀ ಕುರ್ಚಿಯಲ್ಲಿ ಕೂತು, ಚಕ್ರ ತಡವಾಗಿ ಬಿಚ್ಚಿತು ಎಂದು ಅವುಗಳನ್ನೇ ಗದರಿಸುತ್ತಿದ್ದರು.

‘ಏನೋ ಇದು? ದೇವರ ಮಂಟಪ ಮಾಡಾಕತ್ತೀಯೋ, ಕೋಳಿ ಗೂಡೋ?’

‘ವಿಡಿಯೋ ಗೇಮ್ ಅಪ್ಪಾ.’

ಜೇಬುಗಳ್ಳರ ಪ್ರಸ್ತಾಪ ಬರುತ್ತದೆ ಎಂದು ಕಾದೆ. ಅಪ್ಪ ಬಗ್ಗಿ ಮುರಿದ ವೈರನ್ನು ಎತ್ತಿ, ಕನ್ನಡಕ ಹಣೆಗೇರಿಸಿ ನೋಡಿ, ‘ಇಂಥಾ ದಾರದಂಥ ವೈರು ಹಾಕಿದ್ರ ಆದೀತೇನು? ವೈರು ಅಂದ್ರ ಹಿಂಗ ಇರಬೇಕು’ ಎಂದು ಕಿರುಬೆರಳು ತೋರಿಸಿದರು. ಮಾರನೆಯ ದಿನ ತಾವೇ ಹೋಗಿ, ಗೀಸರಿಗೆ ಎಳೆಯುವ ದಪ್ಪ ವೈರು ತಂದರು. ನಾವಿಬ್ಬರೂ ಒಂದು ಇಡೀ ಭಾನುವಾರ ಅದನ್ನು ಬಗ್ಗಿಸಿದೆವು. ಅದು ಮಣಿಯಲಿಲ್ಲ. ಹಲಗೆ ಮುಚ್ಚಿದರೆ ಹಾವಿನ ಬುಟ್ಟಿಯ ಮುಚ್ಚಳದಂತೆ ಮೇಲೇಳುತ್ತಿತ್ತು. ‘ವೈರು ಚೊಲೋ ಐತಿ, ಪೆಟ್ಟಿಗಿ ಸಣ್ಣದಾತು’ ಎಂದು ಅಪ್ಪ ವರದಿ ಕೊಟ್ಟರು.

ಮುಂದಿನ ವಾರ ಅವ್ವ ಸೀರೆಗೆ ಹೊಂದುವ ಕುಪ್ಪಸದ ಬಟ್ಟೆಗೆಂದು ಸುಲ್ತಾನ್ ಬಜಾರಿಗೆ ಹೊರಟಳು. ಪಕ್ಕದ ಕೋಠಿಯಲ್ಲಿ ವೈರಿನ ಅಂಗಡಿಗಳಿದ್ದದ್ದರಿಂದ ನಾನೂ ಜೊತೆಗೆ ಹೋದೆ. ಅಂಗಡಿಯವರು ವೈರು ಯಾತಕ್ಕೆ ಎಂದು ಕೇಳಿದರು. ನಾನು ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹೌ, ಡೋರ್‌ಬೆಲ್ ಕೆ ವಾಸ್ತೆ’ ಎಂದು, ನನಗೆ ಬೇಕಾದದ್ದು ಕರೆಗಂಟೆಯ ವೈರೇ ಎಂದು ನಿರ್ಧರಿಸಿ ಒಂದು ಸುರುಳಿ ಎತ್ತಿಟ್ಟರು. ಎಳೆಎಳೆಯ ವೈರು, ಮೆತ್ತಗೆ, ಹದವಾದ ದಪ್ಪ. ಕೆಂಪು. ಯಾವುದು ಯಾವ ವೈರು ಎಂದು ಗುರುತಿಸಲು ಬೇರೆಬೇರೆ ಬಣ್ಣ ಬೇಕು ಎಂದೆ. ‘ಕರೆಂಟ್ ಕು ರಂಗ್ ದಿಖ್ತಾ ಕ್ಯಾ?’ ಎಂದರು. ವಿದ್ಯುತ್ತಿಗೆ ಬಣ್ಣ ಕಾಣುವುದಿಲ್ಲ ಎಂಬ ವಾದಕ್ಕೆ ನನ್ನ ಪ್ರಿಂಟುಗಳಲ್ಲಿ ಎಲ್ಲಿಯೂ ಉತ್ತರ ಇರಲಿಲ್ಲ. ಅತ್ತ ಅವ್ವ ಎಲ್ಲ ಅಂಗಡಿ ಸುತ್ತಿ, ಬಟ್ಟೆಯ ಥಾನುಗಳನ್ನು ಬಾಗಿಲಿಗೆ ತರಿಸಿ ಬಿಸಿಲಿನಲ್ಲಿ ಹಿಡಿದು ನೋಡಿ, ಒಂದು ಹಸಿರಿಗೂ ಇನ್ನೊಂದು ಹಸಿರಿಗೂ ನಡುವಿನ, ಮನುಷ್ಯಮಾತ್ರರಿಗೆ ಕಾಣದ ಹಸಿರೊಂದನ್ನು ಆರಿಸಿ ತಂದಿದ್ದಳು. ನನ್ನ ಸುರುಳಿ ನೋಡಿ, ‘ಕುಂಕುಮದ ಬಣ್ಣ. ಶುಭ ಐತಿ’ ಎಂದಳು. ಮನೆಯಲ್ಲಿ ಅಪ್ಪ, ‘ಎಲ್ಲಾ ಒಂದಽ ಬಣ್ಣ. ಶಿಸ್ತು ಕಾಣತೈತಿ’ ಎಂದು ಒಪ್ಪಿಗೆ ಕೊಟ್ಟರು. ಹೀಗೆ ಮೂರು ಜನ ತಿಳಿದವರು ಸೇರಿ ಕೆಂಪನ್ನು ತೇರ್ಗಡೆ ಮಾಡಿದೆವು.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಕಾರ್ಖಾನೆಯಲ್ಲಿ ವೈರುಗಳನ್ನು ಮೇಣದ ದಾರದಿಂದ ಕಂತೆ ಕಟ್ಟುತ್ತಿದ್ದರಂತೆ. ಬೆರಳಗಲಕ್ಕೊಂದು ಗಂಟು, ಎಲ್ಲ ಗಂಟೂ ಒಂದೇ ಸಾಲಿನಲ್ಲಿ. ಅಪ್ಪ ಆಯುಷ್ಯವಿಡೀ ಅಂಥ ಕಂತೆಗಳನ್ನು ನೋಡಿ ಬೇಡ ಎಂದವರೇ ಹೊರತು ಒಂದನ್ನೂ ಸ್ವತಃ ಕಟ್ಟಿದವರಲ್ಲ. ಈಗ ಮೇಣದ ದಾರ ತಂದು ಕೂತರು. ಬೆಸುಗೆ ನನ್ನದು, ಕಟ್ಟುವುದು ಅವರದು. ಕಟ್ಟುವರು, ದೂರ ಹಿಡಿದು ನೋಡುವರು, ತಲೆ ಅಲ್ಲಾಡಿಸಿ ಬಿಚ್ಚುವರು, ಮತ್ತೆ ಕಟ್ಟುವರು. ತಮ್ಮ ಮೇಲೆ ತಾವೇ ಇನ್‌ಸ್ಪೆಕ್ಟರ್ ಆದರೆ ಏನಾಗುತ್ತದೆ ಎಂದು ಆಗ ನೋಡಿದೆ. ಊಟಕ್ಕೆ ಕರೆದರೆ ‘ಬಂದೆ’ ಎನ್ನುವರು, ಬರುವುದಿಲ್ಲ. ವಿಮಾನಗಳು ತಮಗೆ ಬೇಕಾದಾಗ ಚಕ್ರ ಬಿಚ್ಚಿಕೊಂಡು ಇಳಿದವು, ಕೇಳುವವರಿರಲಿಲ್ಲ. ಮುಗಿದಾಗ ಆ ಕೆಂಪು ಕಂತೆ ಹಲಗೆಯ ಅಡಿಯಲ್ಲಿ ಹೆರಳು ಹಾಕಿದ ಹಾಗೆ ಕಂಡಿತು. ಪ್ರತಿ ವೈರೂ ತನ್ನ ಗುಂಡಿಗೆ ಸರಿಯಾಗಿ ಮುಟ್ಟುವಷ್ಟೇ ಉದ್ದ, ಒಂದು ಕೂದಲೆಳೆಯ ಸಡಿಲ ಇಲ್ಲ. ನೋಡಲು ಬಂದ ಪಕ್ಕದ ಮನೆಯವರಿಗೆ ಅಪ್ಪ ಪರದೆಯನ್ನು ತೋರಿಸಲೇ ಇಲ್ಲ. ಹಲಗೆ ಮಗುಚಿ ಗಂಟುಗಳನ್ನು ತೋರಿಸಿ ಚಹಾ ಕೊಟ್ಟು ಕಳಿಸಿದರು.

ಆಟ ಇಬ್ಬರು ಜಟ್ಟಿಗಳ ಕುಸ್ತಿ. ಮೊದಲ ದಿನ ನಾನು ಒಂದನೆಯ ಬದಿಗೆ, ಗೀತಾ ಎರಡನೆಯ ಬದಿಗೆ ನಿಂತೆವು. ಹಿಡಿಯನ್ನು ಎಡಕ್ಕೆ ತಳ್ಳಿದರೆ ಅವಳ ಜಟ್ಟಿ ಬಲಕ್ಕೆ ಓಡಿದ, ಬಲಕ್ಕೆ ತಳ್ಳಿದರೆ ಎಡಕ್ಕೆ. ಕೆಂಪಿನಲ್ಲಿ ಕೆಂಪು ಬೆರೆತು ಎರಡು ವೈರು ಅದಲುಬದಲಾಗಿದ್ದವು. ಆಟದೊಳಗೇ ಅದನ್ನು ತಿದ್ದಿಕೊಳ್ಳುವ ಸೌಕರ್ಯ ಫುಟ್‌ಪಾತಿನಲ್ಲಿ ಕೊಂಡ ನಮ್ಮ ಸಿ.ಡಿ.ಗೆ ಇರಲಿಲ್ಲ. ವೈರನ್ನೇ ಬದಲಿಸಬೇಕೆಂದರೆ, ಸಡಿಲವಿಲ್ಲದ್ದರಿಂದ ಅಪ್ಪನ ಕಂತೆಯನ್ನು ಕತ್ತರಿಸಬೇಕು. ಗೀತಾ ನನ್ನ ಮುಖ ನೋಡಿ, ನಾನು ಬಾಯಿ ತೆರೆಯುವ ಮುಂಚೆಯೇ ತಡೆದಳು.

‘ಅಣ್ಣಾ, ಸುಮ್ನಿರು.’

‘ಉಲ್ಟಾ ಐತಲ್ಲಽ?’

‘ಇರಲಿ ಬಿಡು. ಈ ಕಡಿಗೆ ನಾನಽ ಆಡ್ತೀನಿ.’

ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿದರು, ‘ಹೆಂಗೈತಿ, ಗೀತಾ?’

‘ಭಾಳ ಚೊಲೋ ಐತ್ರಿ ಅಪ್ಪಾ. ನಡೀತೈತಿ.’

ಅವಳು ಬೇಗಂಪೇಟೆಯಲ್ಲೇ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು. ದಿನವೂ ಬಂದವಳೇ ಚಹಾ ಕುಡಿದು ಪೆಟ್ಟಿಗೆಯ ಎರಡನೆಯ ಬದಿಗೆ ನಿಲ್ಲುತ್ತಿದ್ದಳು. ಕೆಲವೇ ದಿನಗಳಲ್ಲಿ ಅವಳ ಕೈಗೆ ಎಡವೇ ಬಲವಾಯಿತು. ಸರಿಯಾದ ಬದಿಯಲ್ಲಿ ನಿಂತ ನನ್ನನ್ನು ದಿನವೂ ಚಿತ್ ಮಾಡತೊಡಗಿದಳು.

ಈ ನಡುವೆ ಅವಳಿಗೊಂದು ಸಂಬಂಧ ಬಂತು. ಹುಡುಗ ಶ್ರೀಕಾಂತ, ಕಲಬುರಗಿ ಕಡೆಯವರು, ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಆ ಕಾಲದಲ್ಲಿ ಟೀಮ್ ಲೀಡ್ ಎಂದರೆ ಮೊದಲಿನ ತಹಸೀಲ್ದಾರರ ಹಾಗೆ, ಮುಂದೆ ಏನೂ ಕೇಳುವಂತಿರಲಿಲ್ಲ. ಅಪ್ಪ ಮನೆತನ ನೋಡಿದರು, ಜಾತಕ ತೋರಿಸಿದರು, ಎಲ್ಲೂ ದೋಷ ಕಾಣಲಿಲ್ಲ. ಅವರಿಗೇ ಆಶ್ಚರ್ಯವಾಗಿರಬೇಕು. ಆಮೇಲೆ ಗೀತಾಳ ಕೈಗೆ ಫೋಟೋ ಕೊಟ್ಟು, ‘ಹೆಂಗೈತಿ?’ ಎಂದು ಕೇಳಿದರು.

‘ಚೊಲೋ ಐತ್ರಿ. ನಡೀತೈತಿ’ ಎಂದಳು ಗೀತಾ. ಮನೆಯಲ್ಲಿ ಹಬ್ಬದ ವಾತಾವರಣ ಏರ್ಪಟ್ಟಿತು.

ಭಾನುವಾರ ಬೆಳಿಗ್ಗೆ ಶ್ರೀಕಾಂತ ತನ್ನ ತಂದೆತಾಯಿಯೊಂದಿಗೆ ಬಂದ. ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ ತೂಗುತ್ತಿತ್ತು. ಕನ್ಯೆ ನೋಡಲು ಬರುವಾಗಲೂ ಬೇಕೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ, ನನ್ನದು ಬಾಗಿಲ ಹಿಂದಿನ ಮೊಳೆಯಲ್ಲಿ ದೇವರ ಫೋಟೋದ ಪಕ್ಕ ತೂಗುತ್ತಿದ್ದದ್ದು ನೆನಪಾಗಿ ನಿಲ್ಲಿಸಿದೆ. ಅವ್ವನ ಶಿರಾ ತಿಂದು, ಅವನು ಗೀತಾಳ ಕಡೆ ತಿರುಗಿ, ‘ನಿಮ್ಮ ಸ್ಟ್ರೆಂತ್ ಏನ್ರಿ, ವೀಕ್ನೆಸ್ ಏನ್ರಿ?’ ಎಂದು ಕೇಳಿದ. ತಮಾಷೆ ಎಂದುಕೊಂಡೆ. ಅಲ್ಲ. ‘ಐದು ವರ್ಷದಾಗ ನಿಮ್ಮನ್ನ ನೀವು ಎಲ್ಲಿ ನೋಡ್ಕೋತೀರಿ?’ ಎಂಬುದೂ ಬಂತು. ಆ ಹೊತ್ತಿಗೆ ಸರಿಯಾಗಿ ಒಂದು ವಿಮಾನ ಮನೆಯ ಮೇಲೆ ಹಾದು ಕಿಟಕಿಗಳನ್ನು ನಡುಗಿಸಿತು. ಗೀತಾ ತುಟಿ ಅಲ್ಲಾಡಿಸಿದಳು. ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಶ್ರೀಕಾಂತ ‘ವೆರಿ ಗುಡ್’ ಎಂದ.

ಆಮೇಲೆ ಅವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಅಪ್ಪನಿಗೆ ಅಷ್ಟೇ ಬೇಕಿತ್ತು. ಹಲಗೆ ಮಗುಚಿ ಗಂಟುಗಳ ದರ್ಶನ ಮಾಡಿಸಿ, ‘ಆಡ್ರಿ, ಆಡ್ರಿ. ನಮ್ಮ ಗೀತಾನೂ ಭಾಳ ಚೊಲೋ ಆಡ್ತಾಳ’ ಎಂದರು. ಗೀತಾ ಸೆರಗು ಸಿಕ್ಕಿಸಿ ತನ್ನ ಎರಡನೆಯ ಬದಿಗೆ ನಿಂತಳು. ಅವ್ವ ಅವಳಿಗೆ ಕಣ್ಣಿನಲ್ಲೇ ಸೋಲು ಎಂದು ಸನ್ನೆ ಮಾಡುತ್ತಿದ್ದಳು. ಹಿಡಿಗೆ ಕೈ ಹಾಕಿದ ಮೇಲೆ ಅವಳಿಗೆ ಯಾರ ಕಣ್ಣೂ ಕಾಣುವುದಿಲ್ಲ. ಶ್ರೀಕಾಂತನ ಜಟ್ಟಿ ಅಂಗಾತ ಬಿದ್ದ. ಎದ್ದು ಮತ್ತೆ ಬಿದ್ದ.

‘ಆ ಕಡಿಗೆ ಏನೋ ಅಡ್ವಾಂಟೇಜ್ ಐತಿ’ ಎಂದ ಶ್ರೀಕಾಂತ. ‘ನಾ ಅಲ್ಲಿ ಬರ್ತೀನಿ.’

‘ಬ್ಯಾಡ್ರಿ. ಇದು ಇರಲಿ’ ಎಂದಳು ಗೀತಾ.

‘ಇಲ್ಲ, ಇಲ್ಲ. ಫೇರ್ ಇರಬೇಕಲ್ರಿ?’

ಬದಿ ಬದಲಾಯಿತು. ಶ್ರೀಕಾಂತನ ಜಟ್ಟಿ ಎದುರಾಳಿಗೆ ಬೆನ್ನು ತಿರುಗಿಸಿ ಪರದೆಯ ಅಂಚಿಗೆ ಓಡಿಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. ಗೀತಾ ಹಿಡಿ ಬಿಟ್ಟು ಸುಮ್ಮನೆ ನಿಂತಳು.

‘ಇದು ಉಲ್ಟಾ ಐತ್ರಿ! ಎಡಕ್ಕಂದ್ರ ಬಲಕ್ಕ ಹೋಗಾಕತ್ತೈತಿ!’

‘ಸಾಧ್ಯಽ ಇಲ್ಲ’ ಎಂದರು ಅಪ್ಪ.

‘ನೋಡ್ರಿಲ್ಲೆ. ಯಾರು ಟೆಸ್ಟ್ ಮಾಡಿದ್ದು ಇದನ್ನ?’

ಅಪ್ಪ ಬಗ್ಗಿ ನೋಡಿದರು. ಹಿಡಿಯನ್ನು ತಾವೇ ಹಿಡಿದು ಎಡಕ್ಕೆ ತಳ್ಳಿದರು, ಬಲಕ್ಕೆ ತಳ್ಳಿದರು. ‘ನಾನಽ’ ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಆ ಕೆಂಪು ಸುರುಳಿಯನ್ನು ಎತ್ತಿಕೊಟ್ಟ ಅಂಗಡಿಯವರ ಮೇಲೆ ಸಿಟ್ಟು ಬಂತು.

ಶ್ರೀಕಾಂತ ಕೆಟ್ಟವನಲ್ಲ. ಅವನು ಜೋರು ಮಾಡಲಿಲ್ಲ, ನಗುತ್ತ ಗೀತಾಳ ಕಡೆ ತಿರುಗಿದ. ‘ನಿಮಗ ಗೊತ್ತಿತ್ತು, ಹೌದಿಲ್ಲೋ? ಗೊತ್ತಿದ್ದೂ ಅದರಾಗಽ ಆಡೀರಿ!’ ಆಮೇಲೆ ತನ್ನ ತಾಯಿಗೆ, ‘ನೋಡು ಅವ್ವಾ. ಉಲ್ಟಾ ಇದ್ರೂ ಒಂದು ಮಾತು ಅಂದಿಲ್ಲ. ಅಡ್ಜಸ್ಟ್ ಮಾಡ್ಕೊಂಡಾರ. ನಮ್ಮ ಮನಿಗೆ ಇಂಥಾ ಹುಡುಗೀನಽ ಬೇಕು’ ಎಂದ.

ಅವನ ತಾಯಿಯ ಮುಖ ಅರಳಿತು. ‘ಅಷ್ಟಿದ್ರ ಸಾಕವಾ, ಮತ್ತೇನು ಬೇಕು?’ ಎಂದು ಗೀತಾಳ ಗಲ್ಲ ಸವರಿದರು. ನಾಳೆ ಫೋನು ಮಾಡಿ ಮುಂದಿನದು ಮಾತಾಡೋಣ ಎಂದು ಎಲ್ಲರೂ ಸಂತೋಷದಿಂದ ಹೊರಟರು. ಅವ್ವ ಬಾಗಿಲ ತನಕ ಹೋಗಿ ಕುಂಕುಮ ಕೊಟ್ಟಳು. ನನಗೂ ಒಳ್ಳೆಯದೇ ಆಯಿತು ಅನಿಸಿತು. ನನ್ನ ಬೆಸುಗೆಯ ತಪ್ಪಿನಿಂದ ತಂಗಿಯ ಗುಣ ಬೆಳಕಿಗೆ ಬಂತು ಎಂದು ಒಂದು ಕ್ಷಣ ಬೀಗಿದೆ ಕೂಡ.

ಅಪ್ಪ ಮಾತ್ರ ಪೆಟ್ಟಿಗೆಯ ಮುಂದಿನಿಂದ ಕದಲಿರಲಿಲ್ಲ. ಎರಡನೆಯ ಬದಿಯಲ್ಲಿ ನಿಂತು ಜಟ್ಟಿಯನ್ನು ಅತ್ತ ಇತ್ತ ಓಡಿಸುತ್ತಿದ್ದರು. ತಟ್ಟೆ ಎತ್ತಲು ಬಂದ ಗೀತಾಳನ್ನು ಕರೆದರು.

‘ಯಾವಾಗಿಂದ ಹಿಂಗೈತಿ?’

‘ಮೊದಲ ದಿನದಿಂದ್ರಿ.’

‘ಯಾಕ ಹೇಳಲಿಲ್ಲ?’

‘ನೀವು ಅಷ್ಟು ಚಂದ ಕಟ್ಟಿದ್ರಿ.’

ಅಪ್ಪ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ‘ನಾ ಹೆಂಗೈತಿ ಅಂತ ಕೇಳಿದಾಗ, ನಡೀತೈತಿ ಅಂದಿ.’

ಗೀತಾ ಬಗ್ಗಿ ತಟ್ಟೆಗಳನ್ನು ಎತ್ತಿಕೊಂಡಳು.

‘ಈ ಹುಡುಗನ ಫೋಟೋ ಕೊಟ್ಟು ಕೇಳಿದಾಗೂ, ನಡೀತೈತಿ ಅಂದಿ.’ ಅವಳ ಕಡೆ ತಿರುಗಿ ಕೇಳಿದರು, ‘ನಡೀತೈತೋ, ನಡಸ್ಕೋತೀಯೋ?’

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು, ಮತ್ತೆ ಬೇರೆ ಮಾಡಿ ಜೋಡಿಸಿದಳು. ‘ನಡಸ್ಕೋತಿದ್ದೆ’ ಎಂದಳು. ಆಮೇಲೆ ಅವಳ ಕಣ್ಣು ತುಂಬಿ ಬಂತು. ಗೀತಾ ಅಳುವುದನ್ನು ನಾನು ಶಾಲೆಯ ದಿನಗಳ ನಂತರ ಕಂಡಿರಲಿಲ್ಲ. ಅವ್ವ ಕುಂಕುಮದ ಬಟ್ಟಲು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಕತ್ತರಿ ತಂದು, ಹಲಗೆ ಮಗುಚಿ, ತಾವು ಕಟ್ಟಿದ ಗಂಟುಗಳನ್ನು ಒಂದು ತುದಿಯಿಂದ ಕತ್ತರಿಸುತ್ತ ಬಂದರು. ನಾನು ಸಹಾಯಕ್ಕೆ ಕೈ ಚಾಚಿದೆ. ‘ನೀ ಸರಿ ಅತ್ಲಾಗ’ ಎಂದರು. ಆ ಮಾತಿನಲ್ಲಿ ನನ್ನ ಬೆಸುಗೆಯ ಬಗ್ಗೆ ಅವರ ವರದಿ ಪೂರ್ತಿ ಇತ್ತು.

ಮರುದಿನ ಬೆಳಿಗ್ಗೆ ಗೀತಾ ಬ್ಯಾಂಕಿಗೆ ಹೊರಡುವ ಹೊತ್ತಿಗೆ ಫೋನು ಬಂತು. ಶ್ರೀಕಾಂತನ ತಂದೆಯ ದನಿ ದೊಡ್ಡದು, ಹಾಲಿನಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು. ಅಪ್ಪ ನಮಸ್ಕಾರ ಹೇಳಿ, ಈ ಸಂಬಂಧ ಬೇಡ ಅಂತ ವಿಚಾರ ಮಾಡೇವ್ರಿ ಎಂದರು.

‘ಯಾಕ್ರಿ? ಜಾತಕ ಕೂಡೇತಿ, ಮನಿತನ ಕೂಡೇತಿ. ಮತ್ತೇನು ತೊಂದ್ರಿ?’

‘ಹುಡುಗಿಗೆ ಮನಸಿಲ್ರಿ.’

ನಿಜವಾದ ಕಾರಣ ಇನ್ನು ಮೇಲೆ ಬರುತ್ತದೆ ಎಂದು ಅವರು ಕಾಯುತ್ತಿದ್ದರು. ‘ಮುಂದ?’ ಎಂದರು.

‘ಮುಂದೇನಿಲ್ರಿ. ಅಷ್ಟಽ’ ಎಂದು ಅಪ್ಪ ಫೋನು ಇಟ್ಟರು. ಯಾರ ಮುಖವನ್ನೂ ನೋಡದೆ ಪೇಪರು ಬಿಡಿಸಿಕೊಂಡು ಕೂತರು.

ಗೀತಾ ಹೊಸ್ತಿಲ ಆಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೆಯೇ ಒಳಗೆ ಬಂದಳು. ಅಪ್ಪನ ಕುರ್ಚಿಯ ಹತ್ತಿರ ನಿಂತು, ‘ಸಂಜಿಗೆ ಬರೂವಾಗ ಕೋಠಿಗೆ ಹೋಗಿ ವೈರು ತರ್ತೀನ್ರಿ. ಈ ಸಲ ಬಣ್ಣ ನಾ ಆರಿಸ್ತೀನಿ’ ಎಂದಳು. ಅಪ್ಪ ಪೇಪರಿನ ಹಿಂದಿನಿಂದ ‘ಹೂಂ’ ಎಂದರು.

ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಈಗ ಮಗಳ ಕಾಲು ನೋಡಿದಳು. ‘ಚಪ್ಪಲಿ ಹಾಕ್ಕೊಂಡು ಒಳಗ ಬರ್ತೀಯಾ? ದೇವರ ದೀಪ ಹಚ್ಚೇನಿ, ಕಣ್ಣು ಕಾಣಾಂಗಿಲ್ಲೇನು ನಿನಗ?’ ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಆ ಬೈಗುಳದಲ್ಲಿ ಎಂಥ ಹಿಗ್ಗು ಇತ್ತೆಂದರೆ, ಗೀತಾ ಚಪ್ಪಲಿ ಬಿಚ್ಚದೆಯೇ ನಿಂತು ಪೂರ್ತಿ ಕೇಳಿಸಿಕೊಂಡಳು.